ವಿಶ್ವ ಸಾಹಿತ್ಯ ಮತ್ತು ಸಿನಿಮಾದಲ್ಲಿ ಸ್ನಾತಕೋತ್ತರ ಓದು: ಅನುವಾದದ ಅಳುಕು, ಪ್ರಬಂಧದ ವಿಷಯ ಮತ್ತು ಒಂದು ವಾರದ ಅಭ್ಯಾಸ

ಪ್ರಶ್ನೆ: ನಾನು ಗಣಿತದಲ್ಲಿ ಪದವಿ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಬಿಡುವಿನ ವೇಳೆಯೆಲ್ಲ ಕಾದಂಬರಿ ಮತ್ತು ಸಿನಿಮಾಗಳಲ್ಲಿ ಕಳೆಯುತ್ತದೆ. ಈಗ ಸಮಕಾಲೀನ ವಿಶ್ವ ಸಾಹಿತ್ಯ ಮತ್ತು ಸಿನಿಮಾವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕೆಂಬ ಆಸೆ. ಆದರೆ ಇದು ಒಂದು ವಿಷಯವೋ, ಎರಡನ್ನು ಸೇರಿಸಿ ಹೊಲಿದದ್ದೋ ಎಂಬುದೇ ನನಗೆ ತಿಳಿಯುತ್ತಿಲ್ಲ. ನನಗೆ ಬರುವುದು ಕನ್ನಡ ಮತ್ತು ಇಂಗ್ಲಿಷ್ ಮಾತ್ರ. ಎಲ್ಲವನ್ನೂ ಅನುವಾದದಲ್ಲಿ ಓದಿ ಅಧ್ಯಯನ ಮಾಡಿದೆ ಎಂದರೆ ಅದಕ್ಕೆ ಬೆಲೆ ಇದೆಯೇ? ಸೇರುವ ಮೊದಲು ಹೇಗೆ ಸಿದ್ಧನಾಗಲಿ, ಪ್ರಬಂಧಕ್ಕೆ ವಿಷಯ ಹೇಗೆ ಆರಿಸಲಿ?

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿದಂತೆ.

ಅನುವಾದದಲ್ಲಿ ಓದುವವರಿಗೆ ತಾವು ಹಿಂಬಾಗಿಲಿನಿಂದ ಒಳಗೆ ಬಂದವರು ಎಂಬ ಅಳುಕು ಇರುತ್ತದೆ. ಈ ವಿಷಯವನ್ನು ಪಾಠ ಮಾಡಲು ತೊಡಗಿದಂದಿನಿಂದ ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಆ ಅಳುಕನ್ನು ನೋಡುತ್ತ ಬಂದಿದ್ದೇನೆ. ಆಗ ನಾನು ಹೇಳುವುದು ಗಯಟೆಯ ಪ್ರಸಂಗ. 1827ರ ಜನವರಿ 31ರಂದು, 77ರ ವಯಸ್ಸಿನ ಆ ಜರ್ಮನ್ ಕವಿ ತನ್ನ ಒಡನಾಡಿ ಎಕರ್‌ಮನ್‌ನೊಡನೆ ಮಾತಾಡುತ್ತ, ಒಂದೊಂದು ರಾಷ್ಟ್ರದ ಸಾಹಿತ್ಯಕ್ಕೆ ಇನ್ನು ಹೆಚ್ಚು ಅರ್ಥವಿಲ್ಲ, ವಿಶ್ವ ಸಾಹಿತ್ಯದ ಕಾಲ ಹತ್ತಿರವಾಗಿದೆ ಎಂದ. ಆ ದಿನಗಳಲ್ಲಿ ಅವನು ಓದುತ್ತಿದ್ದದ್ದು ಒಂದು ಚೀನೀ ಕಾದಂಬರಿ. ಮೂಲವನ್ನು ಓದುವಷ್ಟು ಚೀನೀ ಭಾಷೆ ಅವನಿಗೆ ಬರುತ್ತಿರಲಿಲ್ಲ. ಅದಕ್ಕೂ ಬಹಳ ಮೊದಲು ಅವನು ಮೆಚ್ಚಿ ಹಾಡಿ ಹೊಗಳಿದ್ದ ಕಾಳಿದಾಸನ ‘ಶಾಕುಂತಲ’ ಅವನನ್ನು ತಲುಪಿದ ದಾರಿ ಇನ್ನೂ ಉದ್ದ. ವಿಲಿಯಂ ಜೋನ್ಸ್ ಅದನ್ನು ಮೊದಲು ಪದಕ್ಕೆ ಪದವಿಟ್ಟು ಲ್ಯಾಟಿನ್‌ಗೆ ತಂದ, ಅಲ್ಲಿಂದ ಇಂಗ್ಲಿಷಿಗೆ. ಆ ಇಂಗ್ಲಿಷ್ ಅಚ್ಚಾದದ್ದು 1789ರಲ್ಲಿ. ಗಯಾರ್ಗ್ ಫಾರ್ಸ್ಟರ್ 1791ರಲ್ಲಿ ಅದನ್ನು ಜರ್ಮನ್‌ಗೆ ತಿರುಗಿಸಿದ. ಅಂದರೆ ಗಯಟೆಯ ಕೈಗೆ ಬಂದ ಶಕುಂತಲೆ ಮೂರು ಭಾಷೆಗಳ ಹೊಸ್ತಿಲು ದಾಟಿ ಬಂದವಳು. ವಿಶ್ವ ಸಾಹಿತ್ಯ ಎಂಬ ಮಾತನ್ನು ಚಲಾವಣೆಗೆ ತಂದವನೇ ಅನುವಾದದ ಓದುಗ.

ಆದ್ದರಿಂದ ಅನುವಾದದಲ್ಲಿ ಓದಲು ಅಂಜಬೇಡಿ. ಆದರೆ ಅನುವಾದವನ್ನು ಅನುವಾದವೆಂದೇ ಓದಿ, ಮೂಲವೆಂದು ಭ್ರಮಿಸಿ ಓದಬೇಡಿ. ಈ ಎರಡರ ನಡುವೆ ಇರುವ ಅಂತರವೇ ಸ್ನಾತಕೋತ್ತರ ಅಧ್ಯಯನಕ್ಕೂ ಹವ್ಯಾಸದ ಓದಿಗೂ ಇರುವ ಅಂತರ.

ಒಂದೇ ಒಂದು ಪದವನ್ನು ಹಿಡಿದು ನೋಡೋಣ. ಫ್ರೆಂಚ್ ಲೇಖಕ ಆಲ್ಬೆರ್ ಕಮೂ 1942ರಲ್ಲಿ ಪ್ರಕಟಿಸಿದ ‘ಲೆತ್ರಾಂಜೆ’ (ಹೊರಗಿನವ ಎಂದು ಅರ್ಥ) ಕಾದಂಬರಿಯ ಮೊದಲ ವಾಕ್ಯದಲ್ಲಿ ನಿರೂಪಕ ತನ್ನ ತಾಯಿ ಅಂದು ತೀರಿಕೊಂಡ ಸಂಗತಿಯನ್ನು ತಿಳಿಸುತ್ತಾನೆ. ಫ್ರೆಂಚ್‌ನಲ್ಲಿ ಅಲ್ಲಿರುವ ಪದ ‘ಮಮಾಂ’, ಮನೆಯೊಳಗಿನ ಸಲುಗೆಯ ಪದ. 1946ರ ಇಂಗ್ಲಿಷ್ ಅನುವಾದದಲ್ಲಿ ಸ್ಟುವರ್ಟ್ ಗಿಲ್ಬರ್ಟ್ ಅದನ್ನು ‘ಮದರ್’ ಮಾಡಿದರು. 1988ರಲ್ಲಿ ಮ್ಯಾಥ್ಯೂ ವಾರ್ಡ್ ಫ್ರೆಂಚ್ ಪದವನ್ನೇ ಉಳಿಸಿಕೊಂಡರು. ಇಷ್ಟಕ್ಕೇ ಏಕೆ ಚರ್ಚೆ ಎನಿಸಬಹುದು. ಕಾದಂಬರಿಯ ಎರಡನೆಯ ಭಾಗದಲ್ಲಿ ಈ ನಿರೂಪಕ ಕೊಲೆಯ ಆರೋಪ ಹೊತ್ತು ಕಟಕಟೆಯಲ್ಲಿ ನಿಂತಾಗ, ವಿಚಾರಣೆ ಮತ್ತೆ ಮತ್ತೆ ಕೆದಕುವುದು ಅವನು ತಾಯಿಯ ಅಂತ್ಯಕ್ರಿಯೆಯಲ್ಲಿ ಅಳಲಿಲ್ಲ ಎಂಬುದನ್ನು. ಹಾಗಾದರೆ ಮೊದಲ ವಾಕ್ಯದಲ್ಲಿ ಅವನು ತಾಯಿಯನ್ನು ಯಾವ ಪದದಿಂದ ಕರೆದ ಎಂಬುದು ಸಾಕ್ಷ್ಯವೇ ಆಯಿತಲ್ಲವೇ? ‘ಮದರ್’ ಎಂದ ಮಗನನ್ನು ನಾವು ಆಗಲೇ ಅರ್ಧ ಅಪರಾಧಿ ಎಂದು ಬಗೆದಿರುತ್ತೇವೆ. ಈಗ ಅದನ್ನೇ ಕನ್ನಡದಲ್ಲಿ ಯೋಚಿಸಿ: ತಾಯಿ, ಅಮ್ಮ, ಅವ್ವ, ಸತ್ತಳು, ತೀರಿಕೊಂಡಳು, ತೀರಿಕೊಂಡರು, ಹೋದಳು. ‘ಅವ್ವ ಹೋದಳು’ ಎನ್ನುವವನೂ ‘ತಾಯಿ ತೀರಿಕೊಂಡರು’ ಎನ್ನುವವನೂ ಒಬ್ಬನೇ ಮನುಷ್ಯನಲ್ಲ. ಅನುವಾದಕರು ಆರಿಸಿದ್ದು ಬರೀ ಪದವಲ್ಲ, ಒಬ್ಬ ಮನುಷ್ಯನನ್ನು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಮೂ ಕಾದಂಬರಿಯಲ್ಲಿ ಕೊಲೆಯಾದ ಅರಬನಿಗೆ ಹೆಸರೇ ಇಲ್ಲ. 2013ರಲ್ಲಿ ಅಲ್ಜೀರಿಯಾದ ಕಮೆಲ್ ದಾವೂದ್ ಆ ಸತ್ತವನ ತಮ್ಮನನ್ನು ನಿರೂಪಕನನ್ನಾಗಿ ಮಾಡಿ ಒಂದು ಕಾದಂಬರಿ ಬರೆದರು. ಸತ್ತವನಿಗೆ ಮೂಸಾ ಎಂಬ ಹೆಸರು ಕೊಟ್ಟರು. ಅದರ ಮೊದಲ ವಾಕ್ಯ ತಾಯಿ ಇನ್ನೂ ಬದುಕಿದ್ದಾಳೆ ಎನ್ನುತ್ತದೆ. ಹಳೆಯ ವಾಕ್ಯಕ್ಕೆ ಎಪ್ಪತ್ತು ವರ್ಷಗಳ ನಂತರ ಬಂದ ಮರುಮಾತು ಅದು. ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದು ಇಡೀ ಸೆಮಿಸ್ಟರ್ ಪಾಠ ಮಾಡಬಹುದು. ನಾನು ಮಾಡಿದ್ದೇನೆ, ಸಾಲಲಿಲ್ಲ.

ಭಾಷೆಯ ಬಗ್ಗೆ ನನ್ನ ಖಚಿತ ಸಲಹೆ ಇಷ್ಟು: ಮೂರನೆಯದೊಂದು ಭಾಷೆಯನ್ನು ಇಂದೇ ಕಲಿಯಲು ತೊಡಗಿ. ನಾಲ್ಕಾರು ಬೇಡ, ಒಂದೇ ಸಾಕು. ಅದರಲ್ಲಿ ಕಾದಂಬರಿಯನ್ನು ಲೀಲಾಜಾಲವಾಗಿ ಓದುವ ಮಟ್ಟ ಎರಡು ವರ್ಷದಲ್ಲಿ ಬರಲಾರದು. ಆದರೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಪ್ಯಾರಾವನ್ನು ಅನುವಾದದೊಂದಿಗೆ ಹೋಲಿಸಿ ನೋಡುವಷ್ಟು ಖಂಡಿತ ಬರುತ್ತದೆ, ಈ ಅಧ್ಯಯನಕ್ಕೆ ಅಷ್ಟು ದೊಡ್ಡ ಬಲ. ಇನ್ನೊಂದು ಮಾತು. ನಿಮ್ಮ ಕನ್ನಡವನ್ನು ‘ಮಾತ್ರ’ ಎಂಬ ಪಟ್ಟಿಯಲ್ಲಿ ಸೇರಿಸಬೇಡಿ. ಕೊರಿಯನ್ ಭಾಷೆಯಲ್ಲಿ ಗೌರವದ ಮಟ್ಟ ಕ್ರಿಯಾಪದದ ತುದಿಯಲ್ಲೇ ಗೊತ್ತಾಗುತ್ತದೆ. ಇಬ್ಬರ ನಡುವಿನ ಸಂಬಂಧ ಬದಲಾದಾಗ ಮಾತಿನ ತುದಿಯೂ ಬದಲಾಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಅದೆಲ್ಲವನ್ನೂ ಒಂದೇ ‘ಯೂ’ ಒಳಗೆ ತುರುಕುತ್ತದೆ. ‘ನೀವು’ ಎನ್ನುತ್ತಿದ್ದವನು ತಟ್ಟನೆ ‘ನೀನು’ ಎಂದರೆ ಏನಾಗುತ್ತದೆ ಎಂದು ಬಲ್ಲ ಕನ್ನಡಿಗರಿಗೆ ಅಲ್ಲಿ ಏನೋ ಕಳೆದುಹೋಗಿದೆ ಎಂಬ ಅನುಮಾನವಾದರೂ ಬರುತ್ತದೆ. ಇಂಗ್ಲಿಷ್ ಒಂದೇ ಬಲ್ಲವರಿಗೆ ಆ ಅನುಮಾನವೂ ಸುಲಭಕ್ಕೆ ಬಾರದು.

ಈಗ ನಿಮ್ಮ ಮೊದಲ ಪ್ರಶ್ನೆ. ಇದು ಒಂದು ವಿಷಯವೇ? ಒಂದೇ ವಿಷಯ ಎಂದು ನಾನು ನಂಬಿದ್ದೇನೆ. ಜಗತ್ತಿನ ಒಳ್ಳೆಯ ಪುಸ್ತಕಗಳ ಪಟ್ಟಿಯೊಂದಕ್ಕೆ ಒಳ್ಳೆಯ ಚಿತ್ರಗಳ ಪಟ್ಟಿಯೊಂದನ್ನು ಜೋಡಿಸಿದರೆ ಆಗುವುದು ಗ್ರಂಥಾಲಯದ ಸೂಚಿ. ಅಧ್ಯಯನ ಶುರುವಾಗುವುದು ಕೃತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ಅದಕ್ಕೆ ಏನಾಗುತ್ತದೆ ಎಂದು ಕೇಳಿದಾಗ. ಭಾಷೆಯಿಂದ ಭಾಷೆಗೆ ದಾಟುವುದು ಒಂದು ಬಗೆ, ಪುಟದಿಂದ ತೆರೆಗೆ ದಾಟುವುದು ಇನ್ನೊಂದು ಬಗೆ. ಅನೇಕ ಸಲ ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ.

ನನಗೆ ಬಹಳ ಪ್ರಿಯವಾದ ಉದಾಹರಣೆ ಇದು. ವಿಲಿಯಂ ಫಾಕ್ನರ್ 1939ರಲ್ಲಿ ‘ಬಾರ್ನ್ ಬರ್ನಿಂಗ್’ ಎಂಬ ಕಥೆ ಪ್ರಕಟಿಸಿದ. ಅಮೆರಿಕದ ದಕ್ಷಿಣದಲ್ಲಿ ಗೇಣಿಗೆ ದುಡಿಯುವ ತಂದೆಯೊಬ್ಬ ಜಮೀನ್ದಾರರ ಮೇಲಿನ ಸಿಟ್ಟಿಗೆ ಅವರ ಬಾರ್ನ್‌ಗೆ, ಅಂದರೆ ಧಾನ್ಯ, ಹುಲ್ಲು, ದನಗಳಿಗೆಂದು ಹೊಲದ ಬಳಿ ಕಟ್ಟಿದ ದೊಡ್ಡ ಕಟ್ಟಡಕ್ಕೆ, ಬೆಂಕಿ ಇಡುತ್ತಾನೆ, ಚಿಕ್ಕ ಮಗ ರಕ್ತಸಂಬಂಧಕ್ಕೂ ನ್ಯಾಯಕ್ಕೂ ನಡುವೆ ಸಿಕ್ಕಿ ಒದ್ದಾಡುತ್ತಾನೆ. ಅದೇ ಅರ್ಥದ ಹೆಸರಿಟ್ಟು ಹರುಕಿ ಮುರಕಮಿ 1983ರಲ್ಲಿ ಜಪಾನಿ ಭಾಷೆಯಲ್ಲಿ ಒಂದು ಕಥೆ ಬರೆದರು. ಅಲ್ಲಿ ಬಡತನವೂ ಇಲ್ಲ, ಸೇಡೂ ಇಲ್ಲ. ಅನುಕೂಲಸ್ಥ ಯುವಕನೊಬ್ಬ ತಾನು ಆಗಾಗ ಒಂದು ಪಾಳು ಬಾರ್ನ್ ಸುಡುತ್ತೇನೆ ಎಂದು ತಣ್ಣಗೆ ಹೇಳುತ್ತಾನೆ. ಅವನ ಗೆಳತಿ ಒಂದು ದಿನ ಕಾಣೆಯಾಗುತ್ತಾಳೆ. 2018ರಲ್ಲಿ ಕೊರಿಯಾದ ಲೀ ಚಾಂಗ್-ಡಾಂಗ್ ಇದನ್ನು ‘ಬರ್ನಿಂಗ್’ ಎಂಬ ಚಿತ್ರ ಮಾಡಿದರು.

ಮೊದಲು ‘ಬಾರ್ನ್’ ಎಂಬ ಪದವನ್ನೇ ಕನ್ನಡಕ್ಕೆ ತನ್ನಿ ನೋಡೋಣ. ಕೊಟ್ಟಿಗೆ ಎಂದರೆ ದನಗಳ ಉಸಿರು ಕೇಳಿಸುತ್ತದೆ. ಕಣಜ ಎಂದರೆ ಧಾನ್ಯ ಕಣ್ಣಿಗೆ ಬರುತ್ತದೆ, ಅದನ್ನು ಸುಡುವುದು ಅನ್ನಕ್ಕೆ ಬೆಂಕಿ ಇಟ್ಟಂತೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಕಥೆಯ ನೈತಿಕ ಭಾರ ಒಂದು ಕಡೆಗೆ ವಾಲುತ್ತದೆ. ಫಾಕ್ನರ್‌ಗೆ ಆ ಭಾರ ಬೇಕು, ಮುರಕಮಿಗೆ ಬೇಡ. ಲೀ ಇದನ್ನು ಹೇಗೆ ಬಿಡಿಸಿಕೊಂಡರು ಗೊತ್ತೇ? ಚಿತ್ರದ ಯುವಕ ಸುಡುವುದು ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳನ್ನು, ಕೊರಿಯಾದ ಹಳ್ಳಿಗಳ ಹೊಲಗಳಲ್ಲಿ ಹೆಜ್ಜೆಹೆಜ್ಜೆಗೆ ಕಾಣುವಂಥವನ್ನು. ಈ ಬದಲಾವಣೆಯಿಂದ ಸಿನಿಮಾಕ್ಕೆ ದಕ್ಕಿದ್ದನ್ನು ಗಮನಿಸಿ. ಬಾರ್ನ್‌ಗೆ ಗೋಡೆಗಳಿವೆ, ಒಳಗೇನಿದೆ ಎಂದು ಹೊರಗಿನಿಂದ ತಿಳಿಯದು. ಹಸಿರುಮನೆಯ ಪ್ಲಾಸ್ಟಿಕ್ ಮಂಜುಮಂಜಾಗಿ ಪಾರದರ್ಶಕ. ನಾಯಕ ಅದಕ್ಕೆ ಮುಖ ಒತ್ತಿ ಒಳಗೆ ಇಣುಕಬಲ್ಲ, ಇಣುಕಿದರೂ ಉತ್ತರ ಸಿಗುವುದಿಲ್ಲ. ಓದುಗ ಪುಟದ ಮೇಲೆ ಅನುಭವಿಸಿದ ಅನುಮಾನವನ್ನು ಕ್ಯಾಮೆರಾ ಈಗ ಕಣ್ಣಿನಿಂದಲೇ ಅನುಭವಿಸುವಂತೆ ಮಾಡಿದೆ.

ಅಷ್ಟೇ ಅಲ್ಲ. ಮುರಕಮಿಯ ನಿರೂಪಕ ಮದುವೆಯಾದ, ನೆಮ್ಮದಿಯಾಗಿರುವ ಲೇಖಕ. ಚಿತ್ರದ ನಾಯಕ ಜಾಂಗ್-ಸು ಲೇಖಕನಾಗಲು ಹಂಬಲಿಸುವ ಬಡ ಹುಡುಗ. ಅವನ ತಂದೆ ದನ ಸಾಕುವ ರೈತ, ಸರ್ಕಾರಿ ನೌಕರನ ಮೇಲೆ ಕೈ ಮಾಡಿ ನ್ಯಾಯಾಲಯದ ಕಟಕಟೆಯಲ್ಲಿದ್ದಾನೆ. ಮುರಕಮಿಯ ಕಥೆಯಲ್ಲಿ ಈ ತಂದೆಯೇ ಇಲ್ಲ. ಇವನು ಬಂದದ್ದು ಎಲ್ಲಿಂದ? ಫಾಕ್ನರ್‌ನಿಂದ. ಅವನ ಕಥೆ ತೆರೆದುಕೊಳ್ಳುವುದೇ ತಂದೆಯ ವಿಚಾರಣೆಯಿಂದ, ಅದನ್ನು ನೋಡುತ್ತ ಕುಳಿತ ಮಗನಿಂದ. ಲೀ ಮುರಕಮಿಯ ಬಾಗಿಲಿನಿಂದ ಒಳಹೊಕ್ಕು ಹಿಂದಿನ ಕೋಣೆಯಲ್ಲಿದ್ದ ಫಾಕ್ನರ್‌ನನ್ನು ಹುಡುಕಿ ತಂದಿದ್ದಾರೆ. ಚಿತ್ರದೊಳಗೆ ಜಾಂಗ್-ಸು ತನಗೆ ಇಷ್ಟದ ಲೇಖಕ ಫಾಕ್ನರ್ ಎಂದೇ ಹೇಳುತ್ತಾನೆ. ಜಪಾನಿನ ಕಥೆ ಬಿಟ್ಟುಬಂದಿದ್ದ ವರ್ಗದ ಸಿಟ್ಟನ್ನು ಕೊರಿಯಾದ ಚಿತ್ರ ಅಮೆರಿಕದ ಮೂಲದಿಂದ ಮರಳಿ ಪಡೆಯಿತು. ಅದರ ಮೇಲೆ ತನ್ನದೊಂದನ್ನು ಸೇರಿಸಿತು. ಜಾಂಗ್-ಸು ಮನೆಯಿರುವ ಪಾಜು, ಉತ್ತರ ಕೊರಿಯಾದ ಗಡಿಯ ಸಮೀಪದ ಊರು. ಗಡಿಯಾಚೆಯ ಪ್ರಚಾರದ ಧ್ವನಿವರ್ಧಕ ಅಲ್ಲಿ ಕೇಳಿಸುತ್ತಿರುತ್ತದೆ. ಆ ಮನೆಯಂಗಳದಲ್ಲೇ ಮುಳುಗುವ ಸೂರ್ಯನ ಎದುರು, ಮುಂದೆ ಕಾಣೆಯಾಗುವ ಹುಡುಗಿ ಹೇ-ಮಿ ಕುಣಿಯುತ್ತಾಳೆ, ಹಿನ್ನೆಲೆಯಲ್ಲಿ ಅಮೆರಿಕದ ಜಾಝ್ ಕಲಾವಿದ ಮೈಲ್ಸ್ ಡೇವಿಸ್‌ನ ತುತ್ತೂರಿ. ಆ ಸಂಗೀತವೂ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್‌ನ ಇನ್ನೊಂದು ಚಿತ್ರಕ್ಕಾಗಿ 1950ರ ದಶಕದಲ್ಲಿ ಹುಟ್ಟಿದ್ದು. ಒಂದೇ ಅಂಗಳದಲ್ಲಿ ಎಷ್ಟು ದೇಶಗಳು!

ಈಗ ಹೇಳಿ, ಇದರಲ್ಲಿ ಸಾಹಿತ್ಯದ ಪಾಠ ಎಲ್ಲಿ ಮುಗಿಯಿತು, ಸಿನಿಮಾದ ಪಾಠ ಎಲ್ಲಿ ಆರಂಭವಾಯಿತು? ‘ಚಿತ್ರ ಮೂಲಕ್ಕೆ ನಿಷ್ಠವಾಗಿದೆಯೇ’ ಎಂಬ ಪ್ರಶ್ನೆ ಎಷ್ಟು ಬಡಕಲು ಎಂಬುದು ನಿಮಗೆ ಈಗ ಕಂಡಿರಬಹುದು. ಯಾವ ಮೂಲಕ್ಕೆ ನಿಷ್ಠೆ? ಇಲ್ಲಿ ಮೂಲವೇ ಎರಡಿವೆ.

ಸಿನಿಮಾ ನೋಡುವುದನ್ನು ಮಾತ್ರ ನೀವು ಹೊಸದಾಗಿ ಕಲಿಯಬೇಕಾಗುತ್ತದೆ. ಸಾಹಿತ್ಯದಿಂದ ಬಂದವರೆಲ್ಲರ ದೌರ್ಬಲ್ಯ ಒಂದೇ: ಚಿತ್ರವನ್ನು ಕಥೆಯಾಗಿ ಓದುತ್ತಾರೆ, ಸಂಭಾಷಣೆಯನ್ನು ಉದ್ಧರಿಸುತ್ತಾರೆ, ಕ್ಯಾಮೆರಾ ಎಲ್ಲಿತ್ತು ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಸಬ್‌ಟೈಟಲ್ ಇದನ್ನು ಇನ್ನಷ್ಟು ಕೆಡಿಸುತ್ತದೆ. ಕಣ್ಣು ತೆರೆಯ ಕೆಳಗಿನ ಎರಡು ಸಾಲುಗಳಿಗೆ ಅಂಟಿಕೊಂಡಿರುವಾಗ ಮುಖದ ಮೇಲೆ ಬೆಳಕು ಹೇಗೆ ಬಿದ್ದಿತ್ತು ಎಂದು ನೋಡುವವರು ಯಾರು? ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಆರಿಸಿಕೊಂಡ ದೃಶ್ಯವನ್ನು ಮೂರು ಸಲ ನೋಡಿ. ಒಮ್ಮೆ ಸಬ್‌ಟೈಟಲ್ ಜೊತೆ, ಒಮ್ಮೆ ಸಬ್‌ಟೈಟಲ್ ಇಲ್ಲದೆ, ಒಮ್ಮೆ ಧ್ವನಿಯನ್ನೂ ತೆಗೆದು. ಮೂರನೆಯ ಸಲ ಪ್ರತಿ ಶಾಟ್ (ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕು) ಎಷ್ಟು ಸೆಕೆಂಡು, ಕ್ಯಾಮೆರಾ ಯಾರ ಎತ್ತರದಲ್ಲಿದೆ, ಚೌಕಟ್ಟಿನ ಹೊರಗೆ ಯಾರಿದ್ದಾರೆ ಎಂದು ಬರೆದುಕೊಳ್ಳಿ. ಗಣಿತ ಓದಿದ ನಿಮಗೆ ಇಲ್ಲೊಂದು ಅನುಕೂಲವಿದೆ. ಚಿತ್ರದ ಅವಧಿಯನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಶಾಟ್‌ನ ಉದ್ದ ಸಿಗುತ್ತದೆ. ನೂರು ನಿಮಿಷದಲ್ಲಿ 600 ಶಾಟ್ ಇದ್ದರೆ ಹತ್ತು ಸೆಕೆಂಡು. ಬ್ಯಾರಿ ಸಾಲ್ಟ್ ಎಂಬ ವಿದ್ವಾಂಸರು ಈ ಬಗೆಯ ಎಣಿಕೆಯ ಮೇಲೆ ಶೈಲಿಯ ಚರಿತ್ರೆಯನ್ನೇ ಕಟ್ಟಲು ಹೊರಟರು. ಸರಾಸರಿಯೊಂದೇ ಏನನ್ನೂ ಹೇಳುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಎಣಿಸುವ ಶಿಸ್ತು ಕಣ್ಣನ್ನು ಎಚ್ಚರದಲ್ಲಿಡುತ್ತದೆ.

ಸಾಹಿತ್ಯ ಸಿದ್ಧಾಂತದ ಪತ್ರಿಕೆಗಳು, ಅಂದರೆ ಕೋರ್ಸ್‌ಗಳು, ಎಲ್ಲ ಕಡೆಯೂ ಇರುತ್ತವೆ, ಅವುಗಳ ಹೆಸರು ಕೇಳಿಯೇ ಹೆದರುವವರಿದ್ದಾರೆ. ನಾಲ್ಕು ಮಂದಿಯ ವಾದಗಳನ್ನು ಸರಿಯಾಗಿ ಹಿಡಿದರೆ ಉಳಿದ ಜಗಳಗಳು ಅರ್ಥವಾಗುತ್ತವೆ. ಪಾಸ್ಕಲ್ ಕಸನೋವಾ 1999ರ ತಮ್ಮ ಫ್ರೆಂಚ್ ಗ್ರಂಥದಲ್ಲಿ ಸಾಹಿತ್ಯ ಜಗತ್ತಿಗೂ ರಾಜಧಾನಿಗಳಿವೆ, ಅಂಚಿನ ಪ್ರಾಂತ್ಯಗಳಿವೆ, ಪ್ಯಾರಿಸ್‌ನಂಥ ಕೇಂದ್ರದ ಮುದ್ರೆ ಬಿದ್ದ ಮೇಲೆಯೇ ಲೇಖಕ ‘ವಿಶ್ವ’ದವನಾಗುತ್ತಾನೆ ಎಂದು ತೋರಿಸಿದರು. ಫ್ರಾಂಕೋ ಮೊರೆಟ್ಟಿ 2000ದ ಒಂದು ಲೇಖನದಲ್ಲಿ, ಜಗತ್ತಿನ ಸಾಹಿತ್ಯವನ್ನೆಲ್ಲ ಅರಿಯುವುದು ಹೇಗೆ ಎಂಬ ಸಮಸ್ಯೆ ಹೆಚ್ಚು ಹೆಚ್ಚು ಓದುವುದರಿಂದ ಬಗೆಹರಿಯದು, ದೂರದಿಂದ ನೋಡುವ, ಪ್ರಕಾರಗಳ ಚಲನೆಯನ್ನು ಗುರುತಿಸುವ ಹೊಸ ಕ್ರಮ ಬೇಕು ಎಂದರು. ಡೇವಿಡ್ ಡ್ಯಾಮ್‌ರಾಶ್ 2003ರಲ್ಲಿ, ವಿಶ್ವ ಸಾಹಿತ್ಯವೆಂದರೆ ಕೃತಿಗಳ ಪಟ್ಟಿಯಲ್ಲ, ಅದು ಓದುವ ಒಂದು ಬಗೆ, ಅನುವಾದದಲ್ಲಿ ಗಳಿಸುವ ಬರಹ ಎಂದರು. ಎಮಿಲಿ ಆಪ್ಟರ್ 2013ರಲ್ಲಿ ಇದಕ್ಕೆ ಅಡ್ಡ ನಿಂತು, ಅನುವಾದಕ್ಕೆ ಒಗ್ಗದೆ ಉಳಿಯುವುದನ್ನು ಮರೆತರೆ ಜಗತ್ತೆಲ್ಲ ಒಂದೇ ರುಚಿಯ ಸರಕಾಗುತ್ತದೆ ಎಂದು ಎಚ್ಚರಿಸಿದರು. ನನ್ನ ಒಲವು ಡ್ಯಾಮ್‌ರಾಶ್ ಕಡೆಗೆ, ಆದರೆ ಪಾಠ ಮಾಡುವಾಗ ಆಪ್ಟರ್ ಮಾತು ಕಿವಿಯಲ್ಲಿ ಇಲ್ಲದಿದ್ದರೆ ನಾನು ಸೋಮಾರಿಯಾಗುತ್ತೇನೆ. ಮೊರೆಟ್ಟಿಯ ನಕ್ಷೆ, ಆಲೇಖಗಳು ನಿಮ್ಮನ್ನು ಬೇಗ ಸೆಳೆಯಬಹುದು. ಸೆಳೆಯಲಿ, ಆದರೆ ಮೊದಲು ಹತ್ತಿರದಿಂದ ಓದುವುದನ್ನು ಕಲಿಯಿರಿ. ಹತ್ತಿರದಿಂದ ನೋಡದವರಿಗೆ ದೂರದಿಂದ ಕಾಣುವುದು ಮಸುಕು ಮಾತ್ರ.

ದೊಡ್ಡ ಗ್ರಂಥಾಲಯ ಹತ್ತಿರದಲ್ಲಿಲ್ಲ ಎಂದು ಕೊರಗುವವರಿಗೆ ಜರ್ಮನ್ ವಿಮರ್ಶಕ ಎರಿಕ್ ಔಅರ್‌ಬಾಖ್ ನೆನಪಾಗಬೇಕು. ನಾಜಿ ಆಳ್ವಿಕೆ ಯೆಹೂದಿಯಾದ ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದ ಮೇಲೆ ಅವರು ಇಸ್ತಾಂಬುಲ್ ಸೇರಿದರು. 1942ರ ಮೇ ತಿಂಗಳಿನಿಂದ 1945ರ ಏಪ್ರಿಲ್‌ವರೆಗೆ ಅಲ್ಲಿ ಬರೆದ ‘ಮಿಮೆಸಿಸ್’ 1946ರಲ್ಲಿ ಪ್ರಕಟವಾಯಿತು. ಹೋಮರ್‌ನಿಂದ ವರ್ಜೀನಿಯಾ ವುಲ್ಫ್‌ವರೆಗೆ ಸಾಗುವ ಆ ಗ್ರಂಥದ ಕೊನೆಯಲ್ಲಿ, ತಕ್ಕ ಗ್ರಂಥಾಲಯವಿದ್ದಿದ್ದರೆ ತಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ ಎಂಬ ಅರ್ಥದ ಮಾತು ಬರುತ್ತದೆ. ಅದರ ಬಹುತೇಕ ಅಧ್ಯಾಯಗಳು ಹೊರಡುವುದು ಒಂದು ಉದ್ಧರಣೆಯಿಂದ. ಸೇರುವ ಮೊದಲು ಒಂದೇ ವಿಮರ್ಶಾಗ್ರಂಥ ಓದಲು ಸಮಯವಿದೆ ಎಂದರೆ ಇದರ ಮೊದಲ ಅಧ್ಯಾಯ ಓದಿ. ಹೋಮರ್‌ನ ನಾಯಕ ಒಡಿಸಿಯಸ್‌ನ ಕಾಲ ಮೇಲಿನ ಗಾಯದ ಗುರುತಿನಿಂದ ಆರಂಭಿಸಿ ಅವರು ಎಲ್ಲಿಗೆ ಹೋಗುತ್ತಾರೆ ನೋಡಿ.

ಕೃತಿ ದಾಟುವ ದಾರಿಯಲ್ಲಿ ಸುಂಕದ ಕಟ್ಟೆಗಳೂ ಇವೆ. ಪ್ರಶಸ್ತಿ, ಚಿತ್ರೋತ್ಸವ, ಪ್ರಕಾಶಕರು, ವಿತರಕರು, ಇವರೆಲ್ಲ ಅಧ್ಯಯನದ ವಸ್ತುವೇ. ನೈಜೀರಿಯಾ 2019ರಲ್ಲಿ ಮೊದಲ ಬಾರಿಗೆ ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ‘ಲಯನ್‌ಹಾರ್ಟ್’ ಎಂಬ ಚಿತ್ರವನ್ನು ಕಳುಹಿಸಿತು. ಅದರಲ್ಲಿ ಮಾತು ಬಹುಪಾಲು ಇಂಗ್ಲಿಷ್‌ನಲ್ಲಿದೆ ಎಂಬ ಕಾರಣಕ್ಕೆ ಅನರ್ಹಗೊಂಡಿತು. ‘ವಿದೇಶಿ ಭಾಷೆಯ ಚಿತ್ರ’ ಎಂದಿದ್ದ ವಿಭಾಗದ ಹೆಸರನ್ನು ಅದೇ ವರ್ಷ ‘ಅಂತರರಾಷ್ಟ್ರೀಯ ಚಿತ್ರ’ ಎಂದು ಬದಲಾಯಿಸಿದ್ದರು, ನಿಯಮ ಬದಲಾಗಿರಲಿಲ್ಲ. ಇಂಗ್ಲಿಷ್ ನೈಜೀರಿಯಾದ ಅಧಿಕೃತ ಭಾಷೆ. ಹಾಗಾದರೆ ಯಾರ ಭಾಷೆ ಯಾರಿಗೆ ವಿದೇಶಿ? ಇನ್ನೊಂದು ಕಡೆ ಇಂಟರ್‌ನ್ಯಾಷನಲ್ ಬೂಕರ್ 2016ರಿಂದ ಪ್ರತಿ ವರ್ಷ ಒಂದು ಅನುವಾದಿತ ಕೃತಿಗೆ ಸಲ್ಲುತ್ತಿದೆ, 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. 2025ರಲ್ಲಿ ಅದು ಬಾನು ಮುಷ್ತಾಕ್ ಅವರ ಕಥೆಗಳಿಗೂ ದೀಪಾ ಭಾಸ್ತಿ ಅವರ ಅನುವಾದಕ್ಕೂ ಬಂತು. ಕನ್ನಡಕ್ಕೆ ಮೊದಲ ಬಾರಿ, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಬಾರಿ. ಆ ಅನುವಾದದಲ್ಲಿ ಇಂಗ್ಲಿಷ್ ವಾಕ್ಯದ ನಡುವೆ ಬರುವ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ನಿಲ್ಲಿಸಿಲ್ಲ, ಅಡಿಟಿಪ್ಪಣಿ ಕೊಟ್ಟು ವಿವರಿಸಿಯೂ ಇಲ್ಲ. ಕನ್ನಡ ಮೂಲವನ್ನೂ ಇಂಗ್ಲಿಷನ್ನೂ ಎರಡು ಕೈಯಲ್ಲಿ ಹಿಡಿದು ಓದಬಲ್ಲವರು ನೀವು. ನಿಮ್ಮ ಸಹಪಾಠಿಗಳಲ್ಲಿ ಎಷ್ಟು ಮಂದಿಗೆ ಆ ಭಾಗ್ಯ ಇರುತ್ತದೆ?

ಓದಿನ ಚೌಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಲವು ದೇಶಗಳಲ್ಲಿ ಒಂದು ವರ್ಷ, ಕೆಲವೆಡೆ ಎರಡು. ಸೆಮಿನಾರ್, ಲಿಖಿತ ಪ್ರಬಂಧಗಳು, ಕೊನೆಗೊಂದು ದೀರ್ಘ ಪ್ರಬಂಧ. ‘ಸಮಕಾಲೀನ’ ಎಂದರೆ ಎಲ್ಲಿಂದ ಎಂದು ಪಠ್ಯಕ್ರಮದಲ್ಲಿ ನೋಡಿಕೊಳ್ಳಿ. ಕೆಲವರು 1945ರಿಂದ ಎಣಿಸುತ್ತಾರೆ, ಕೆಲವರು 1989ರಿಂದ. ಸಿನಿಮಾಕ್ಕೆ ಬೇರೆ ಪತ್ರಿಕೆಯೂ ಅದನ್ನು ಪಾಠ ಮಾಡುವ ತಜ್ಞರೂ ಇದ್ದಾರೆಯೇ, ಭಾಷೆ ಕಲಿಯಲು ಅವಕಾಶವಿದೆಯೇ ಎಂಬ ಎರಡನ್ನೂ ಕೇಳಿ ತಿಳಿದುಕೊಳ್ಳಿ. ಸೆಮಿಸ್ಟರ್‌ಗೆ ಮೂವತ್ತು ಕಾದಂಬರಿಗಳ ಪಟ್ಟಿ ತೋರಿಸುವ ಕಡೆ ನಾನಾಗಿದ್ದರೆ ಸೇರುತ್ತಿರಲಿಲ್ಲ.

ಪ್ರಬಂಧದ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಮೊದಲ ದಿನ ತರುವ ವಿಷಯಗಳು ಹೆಚ್ಚುಕಡಿಮೆ ಹೀಗಿರುತ್ತವೆ: ‘ವಿಶ್ವ ಸಿನಿಮಾದಲ್ಲಿ ಸ್ತ್ರೀ’, ‘ಸಮಕಾಲೀನ ಕಾದಂಬರಿಯಲ್ಲಿ ವಲಸೆ’. ಇವು ವಿಷಯಗಳಲ್ಲ, ಭೂಖಂಡಗಳು. ವಿಷಯ ಸಿಗುವುದು ಒಂದು ದೃಶ್ಯ ನಿಮ್ಮನ್ನು ಕಾಡಿದಾಗ. ಇರಾನಿನ ಅಸ್ಗರ್ ಫರ್ಹಾದಿ ಅವರ 2016ರ ‘ದಿ ಸೇಲ್ಸ್‌ಮನ್’ ಚಿತ್ರದಲ್ಲಿ ಗಂಡ ಹೆಂಡತಿ ಇಬ್ಬರೂ ರಂಗನಟರು, ತೆಹ್ರಾನಿನಲ್ಲಿ ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕ ಆಡುತ್ತಿದ್ದಾರೆ. ತಾಲೀಮಿನಲ್ಲಿ ಒಬ್ಬ ನಟಿ, ತಾನು ಬಟ್ಟೆಯಿಲ್ಲದೆ ಹೊರಗೆ ಹೇಗೆ ಹೋಗಲಿ ಎಂಬರ್ಥದ ಮಾತು ಆಡಬೇಕು. ಅಲ್ಲಿನ ನಿರ್ಬಂಧಗಳಿಂದಾಗಿ ಅವಳು ಆ ಮಾತು ಆಡುವುದು ಮೈತುಂಬ ಕೋಟು ತೊಟ್ಟೇ. ಜೊತೆಯ ನಟ ನಗು ತಡೆಯಲಾರದೆ ನಕ್ಕುಬಿಡುತ್ತಾನೆ, ನಟಿ ಅವಮಾನಗೊಂಡು ಹೊರಟುಹೋಗುತ್ತಾಳೆ. ಅಮೆರಿಕದ ನಾಟಕದ ಬೆತ್ತಲೆ ತೆಹ್ರಾನಿನ ರಂಗದ ಮೇಲೆ ಬಟ್ಟೆ ತೊಟ್ಟು ನಿಂತಿದೆ, ಅದನ್ನು ಚಿತ್ರ ನಮಗೆ ತೋರಿಸುತ್ತಿದೆ. ಇದೇ ಚಿತ್ರದಲ್ಲಿ ಮುಂದೆ ಹೆಂಡತಿಯ ಮೇಲೆ ನಡೆಯುವ ಹಲ್ಲೆ, ಅದನ್ನು ಬಾಯಿಬಿಟ್ಟು ಹೇಳಲಾಗದ ಅವಳ ಸಂಕಟ, ಗಂಡನ ಸೇಡು, ಎಲ್ಲವೂ ಈ ಕೋಟಿನ ನೆರಳಿನಲ್ಲೇ ಇವೆ. ಇದರ ಪಕ್ಕದಲ್ಲಿ ರ್ಯುಸುಕೆ ಹಮಗುಚಿ ಅವರ 2021ರ ‘ಡ್ರೈವ್ ಮೈ ಕಾರ್’ ಇಡಿ. ಅಲ್ಲಿ ಚೆಕಾಫ್‌ನ ‘ವಾನ್ಯಾ ಮಾಮ’ ನಾಟಕವನ್ನು ನಟರು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಆಡುತ್ತಾರೆ, ಒಬ್ಬಳು ಕೊರಿಯನ್ ಸಂಜ್ಞಾಭಾಷೆಯಲ್ಲಿ. ಸಿನಿಮಾದೊಳಗಿನ ನಾಟಕ ಯಾವ ಮಾತನ್ನು ಆಡಗೊಡುತ್ತದೆ, ಯಾವುದನ್ನು ತಡೆಯುತ್ತದೆ? ಎರಡು ಚಿತ್ರ, ಎರಡು ನಾಟಕ, ಒಂದು ಪ್ರಶ್ನೆ. ಸ್ನಾತಕೋತ್ತರ ಪ್ರಬಂಧಕ್ಕೆ ಇಷ್ಟು ಧಾರಾಳ. ಅರ್ಜಿಯ ಜೊತೆ ಬರೆಯುವ ಉದ್ದೇಶಪತ್ರವನ್ನೂ ಇಂಥ ಒಂದು ದೃಶ್ಯದಿಂದಲೇ ಆರಂಭಿಸಿ. ‘ಬಾಲ್ಯದಿಂದಲೂ ನನಗೆ ಪುಸ್ತಕಗಳೆಂದರೆ ಪ್ರಾಣ’ ಎಂಬ ಸಾಲು ಆಯ್ಕೆ ಸಮಿತಿಯ ಮುಂದಿರುವ ಎಲ್ಲ ಪತ್ರಗಳಲ್ಲೂ ಇರುತ್ತದೆ.

ಮುಂದಿನ ಉದ್ಯೋಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುವುದು ನನ್ನ ಕರ್ತವ್ಯ. ಈ ಪದವಿಗೆಂದೇ ಕಾದಿಟ್ಟ ಹುದ್ದೆ ಎಂಬುದಿಲ್ಲ. ಇದನ್ನು ಓದಿದವರು ಅಧ್ಯಾಪನ, ಅನುವಾದ, ಪ್ರಕಾಶನ, ಸಬ್‌ಟೈಟಲ್ ಬರವಣಿಗೆ, ಚಿತ್ರೋತ್ಸವದ ಆಯ್ಕೆ ತಂಡ, ಚಲನಚಿತ್ರ ಸಂಗ್ರಹಾಲಯ, ಪತ್ರಿಕೋದ್ಯಮಗಳಿಗೆ ಹೋಗುತ್ತಾರೆ. ಬೇಗ ನೆಲೆ ಕಂಡುಕೊಳ್ಳುವವರು ಓದುವಾಗಲೇ ಕೈಯಾರೆ ಏನಾದರೂ ಮಾಡಿದವರು: ಹತ್ತು ಕಥೆ ಅನುವಾದಿಸಿದವರು, ಒಂದು ಕಿರುಚಿತ್ರಕ್ಕೆ ಸಬ್‌ಟೈಟಲ್ ಬರೆದವರು. ಕೈಯಲ್ಲಿರುವ ಕೆಲಸವನ್ನು ಪ್ರವೇಶ ಖಚಿತವಾಗುವವರೆಗೆ ಬಿಡಬೇಡಿ.

ಕೊನೆಯದಾಗಿ, ಈ ವಾರವೇ ಮಾಡಬಹುದಾದ ಒಂದು ಅಭ್ಯಾಸ. ಜಪಾನಿನ ಲೇಖಕ ಅಕುತಗಾವ 1922ರಲ್ಲಿ ಪ್ರಕಟಿಸಿದ ‘ತೋಪಿನಲ್ಲಿ’ ಎಂಬ ಅರ್ಥದ ಹೆಸರಿನ ಕಥೆ ಇಂಗ್ಲಿಷ್‌ನಲ್ಲಿ ಸಿಗುತ್ತದೆ, ಒಂದು ಗಂಟೆಯೊಳಗೆ ಓದಿ ಮುಗಿಯುತ್ತದೆ. ಒಂದು ಸಾವು, ಏಳು ಹೇಳಿಕೆಗಳು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದನ್ನೂ ಅಕುತಗಾವನದೇ 1915ರ ‘ರಾಶೋಮೊನ್’ ಕಥೆಯ ಪಾಳು ಹೆಬ್ಬಾಗಿಲನ್ನೂ ಸೇರಿಸಿ ಜಪಾನಿನ ನಿರ್ದೇಶಕ ಕುರೊಸಾವ 1950ರಲ್ಲಿ ‘ರಾಶೋಮೊನ್’ ಎಂಬ 88 ನಿಮಿಷಗಳ ಚಿತ್ರ ಮಾಡಿದ. ಕಥೆ ಓದಿ, ಚಿತ್ರ ನೋಡಿ. ಆಮೇಲೆ ಹೆಂಡತಿಯ ಹೇಳಿಕೆಯೊಂದನ್ನೇ ತೆಗೆದುಕೊಳ್ಳಿ. ಕಥೆಯಲ್ಲಿ ಅದು ದೇವಾಲಯದಲ್ಲಿ ಮಾಡಿಕೊಂಡ ತಪ್ಪೊಪ್ಪಿಗೆ. ಚಿತ್ರದಲ್ಲಿ ಅವಳನ್ನು ಕರೆತಂದು ಉಳಿದವರಂತೆ ವಿಚಾರಣೆಯ ಅಂಗಳದಲ್ಲಿ ಕೂರಿಸಿದ್ದಾರೆ. ನ್ಯಾಯಾಧಿಕಾರಿ ತೆರೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ, ಅವನ ದನಿಯೂ ಕೇಳಿಸುವುದಿಲ್ಲ. ಕ್ಯಾಮೆರಾ ಅವನ ಜಾಗದಲ್ಲಿದೆ, ಅವಳು ನಮ್ಮತ್ತ ಮುಖ ಮಾಡಿ ಅಳುತ್ತಿದ್ದಾಳೆ. ದೇವರ ಎದುರು ಹೇಳಿದ್ದಕ್ಕೂ ನ್ಯಾಯಾಧಿಕಾರಿಯ ಎದುರು ಹೇಳಿದ್ದಕ್ಕೂ ಏನು ವ್ಯತ್ಯಾಸವಾಯಿತು, ಆ ವ್ಯತ್ಯಾಸವನ್ನು ಕ್ಯಾಮೆರಾ ಎಲ್ಲಿ ನಿಂತು ಮಾಡಿತು ಎಂದು ಎರಡು ಪುಟ ಬರೆಯಿರಿ. ಯಾವ ವಿಮರ್ಶಕರನ್ನೂ ಓದದೆ, ಕಂಡದ್ದನ್ನಷ್ಟೇ ಬರೆಯಿರಿ. ಅದನ್ನು ಒಂದು ವಾರ ಪಕ್ಕಕ್ಕಿಟ್ಟು ಮತ್ತೆ ಚಿತ್ರ ನೋಡಿ ತಿದ್ದಿ. ತಿದ್ದುವ ಕೆಲಸ ನಿಮಗೆ ಬೇಸರ ತರದಿದ್ದರೆ ಅರ್ಜಿ ಹಾಕಿ, ಅದೇ ಎರಡು ಪುಟವನ್ನು ಬರವಣಿಗೆಯ ಮಾದರಿಯಾಗಿ ಬೆಳೆಸಿ ಕಳುಹಿಸಿ.